ಎಚ್‌ಐವಿ ನಡೆದ ಮೊದಲ ದಾರಿ: ಕಿನ್ಶಾಸಾ, ರೈಲು ಮತ್ತು ವೈರಸ್‌ನ ಜೀನುಗಳು

ಒಂದು ವೈರಸ್‌ಗೆ ಯಾರೂ ಹೆಸರಿಟ್ಟಿಲ್ಲ. ಅದೊಂದು ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ಆ ಕಾಲದಲ್ಲಿ ಅದು ಯಾವ ಊರಿನಿಂದ ಹೊರಟು ಯಾವ ಊರಿಗೆ ಹೋಯಿತು ಅಂತ ಈಗ ಹೇಳಲು ಸಾಧ್ಯವಾ? ನೋಡಿದವರಿಲ್ಲ, ಬರೆದಿಟ್ಟವರಿಲ್ಲ. ಆದರೂ ಎಚ್‌ಐವಿ ವಿಷಯದಲ್ಲಿ ಈ ಪ್ರಶ್ನೆಗೆ ಬಹಳ ಮಟ್ಟಿಗೆ ಉತ್ತರ ಸಿಕ್ಕಿದೆ. ಆ ಉತ್ತರ ಹೇಗೆ ಸಿಕ್ಕಿತು ಅನ್ನುವುದೇ ಇವತ್ತಿನ ಮಾತು.

ಏಡ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು 1981. ಆ ವರ್ಷ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ವಿಚಿತ್ರ ನ್ಯುಮೋನಿಯಾದ ವರದಿ ಅಮೆರಿಕದಲ್ಲಿ ಅಚ್ಚಾಯಿತು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮೊಂತಾನ್ಯೆ ಮತ್ತವರ ಜೊತೆಗಾರರು ವೈರಸ್ ಅನ್ನು ಬೇರ್ಪಡಿಸಿದರು. ಹಾಗಾಗಿ ಎಂಬತ್ತರ ದಶಕದಲ್ಲಿ ಹುಟ್ಟಿದ ಕಾಯಿಲೆ ಅಂತ ಬಹಳ ಜನ ಈಗಲೂ ಅಂದುಕೊಂಡಿದ್ದಾರೆ. ನಿಜ ಬೇರೆ. ಲಾಸ್ ಏಂಜಲೀಸ್‌ನ ವೈದ್ಯರ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಮನುಷ್ಯರಲ್ಲಿ ಸುಮಾರು ಅರವತ್ತು ವರ್ಷ ಓಡಾಡಿತ್ತು.

ಇದು ಗೊತ್ತಾಗಿದ್ದು ಎರಡು ಹಳೆಯ ಮಾದರಿಗಳಿಂದ. ಎರಡೂ ಒಂದೇ ಊರಿನವು. ಬೆಲ್ಜಿಯನ್ ಕಾಂಗೋದ ರಾಜಧಾನಿ ಲಿಯೋಪೋಲ್ಡ್‌ವಿಲ್, ಅಂದರೆ ಈಗಿನ ಕಿನ್ಶಾಸಾ. ಮೊದಲನೆಯದು 1959ರಲ್ಲಿ ಒಬ್ಬ ಗಂಡಸಿನಿಂದ ತೆಗೆದ ರಕ್ತ. ಅದನ್ನು ತೆಗೆದಿದ್ದು ಬೇರೆ ಯಾವುದೋ ಅಧ್ಯಯನಕ್ಕೆ. ಮುಂದೆ 1980ರ ದಶಕದಲ್ಲಿ ಆಫ್ರಿಕಾದ ಸುಮಾರು 1,200 ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷೆ ಮಾಡಿದಾಗ ಇದೊಂದರಲ್ಲಿ ಎಚ್‌ಐವಿ ಖಚಿತವಾಯಿತು. 1998ರಲ್ಲಿ ಅದರ ಜೀನುಗಳ ಕೆಲವು ತುಣುಕುಗಳನ್ನು ಓದಿದರು. ಎರಡನೆಯದು 1960ರಲ್ಲಿ ಒಬ್ಬ ಹೆಂಗಸಿನಿಂದ ತೆಗೆದ ಲಿಂಫ್ ಗ್ರಂಥಿಯ ಚೂರು. ಅದನ್ನು ಓದಿ ಪ್ರಕಟಿಸಿದ್ದು 2008ರಲ್ಲಿ.

ಈ ಎರಡು ವೈರಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಜೀನುಗಳನ್ನು ಬರೆದಿರುವ ರಾಸಾಯನಿಕ ಅಕ್ಷರಗಳಲ್ಲಿ ನೂರಕ್ಕೆ ಸುಮಾರು ಹನ್ನೆರಡು ಬೇರೆಯಾಗಿದ್ದವು. ಒಂದೇ ಊರು, ಹತ್ತಿರಹತ್ತಿರ ಒಂದೇ ಕಾಲ, ಆದರೂ ಇಷ್ಟೊಂದು ವ್ಯತ್ಯಾಸ. ನಾನು ಇವತ್ತು ಹೇಳುವುದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ವ್ಯತ್ಯಾಸ ಎಲ್ಲಿಂದ ಬರುತ್ತೆ? ನಕಲು ಮಾಡುವಾಗ ಬರುತ್ತೆ. ನಮ್ಮಲ್ಲಿ ಹಳೆಗನ್ನಡ ಕಾವ್ಯಗಳನ್ನು ಸಂಪಾದನೆ ಮಾಡಿದವರು ಏನು ಮಾಡುತ್ತಿದ್ದರು ಅಂತ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಒಂದೇ ಕಾವ್ಯದ ಓಲೆಗರಿ ಪ್ರತಿಗಳು ಬೇರೆ ಬೇರೆ ಮಠಗಳಲ್ಲಿ, ಬಸದಿಗಳಲ್ಲಿ ಸಿಗುತ್ತಿದ್ದವು. ಒಬ್ಬ ಲಿಪಿಕಾರ ಒಂದು ಕಡೆ ತಪ್ಪಿದರೆ, ಅವನ ಪ್ರತಿ ನೋಡಿ ಬರೆದವರೆಲ್ಲ ಅದೇ ತಪ್ಪನ್ನು ಮುಂದುವರಿಸುತ್ತಾರೆ. ಮೂರು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ ಆ ಮೂರಕ್ಕೂ ಮೂಲಪ್ರತಿ ಒಂದೇ ಇರಬೇಕು. ಹೀಗೆ ತಪ್ಪುಗಳನ್ನು ಹಿಡಿದುಕೊಂಡು ಯಾವ ಪ್ರತಿಯಿಂದ ಯಾವುದು ಬಂತು ಅನ್ನುವ ವಂಶದ ಮರವನ್ನೇ ಬರೆಯಬಹುದು. ವೈರಸ್‌ಗಳ ವಂಶ ಬಿಡಿಸುವವರು ಮಾಡುವುದೂ ಇದನ್ನೇ.

ಎಚ್‌ಐವಿಯ ಇಡೀ ಜೀನೋಮ್, ಅಂದರೆ ಅದರ ಎಲ್ಲ ಜೀನುಗಳೂ ಸೇರಿದ ಪೂರ್ತಿ ಪಠ್ಯ, ಸುಮಾರು 9,700 ಅಕ್ಷರ, ಅಷ್ಟೇ. ನಮ್ಮ ಜೀವಕೋಶ ಡಿಎನ್‌ಎ ನಕಲು ಮಾಡುವಾಗ ತಪ್ಪು ತಿದ್ದುವ ವ್ಯವಸ್ಥೆ ಇರುತ್ತೆ. ಎಚ್‌ಐವಿಯ ನಕಲು ಕಿಣ್ವಕ್ಕೆ ಅದಿಲ್ಲ. ಚಿಕಿತ್ಸೆ ಇಲ್ಲದ ಒಬ್ಬ ಮನುಷ್ಯನ ಮೈಯಲ್ಲಿ ದಿನಕ್ಕೆ ಸಾವಿರ ಕೋಟಿಯ ಹತ್ತಿರ ವೈರಸ್ ಕಣಗಳು ಹುಟ್ಟುತ್ತವೆ. ಹಾಗಾಗಿ ತಪ್ಪುಗಳು ಬೇಗ ಸೇರುತ್ತಾ ಹೋಗುತ್ತವೆ. ಜೀನೋಮ್‌ನ ಯಾವ ಭಾಗ ಅನ್ನುವುದರ ಮೇಲೆ, ಸಾವಿರ ಅಕ್ಷರಕ್ಕೆ ವರ್ಷಕ್ಕೆ ಒಂದರಿಂದ ಮೂರು ಬದಲಾವಣೆ ಉಳಿದುಕೊಳ್ಳುತ್ತವೆ ಅಂತ ಇಟ್ಟುಕೊಳ್ಳಿ.

ಈಗ ಒಂದು ಒರಟು ಲೆಕ್ಕ ಹಾಕೋಣ. ನೂರಕ್ಕೆ ಹನ್ನೆರಡು ಅಂದರೆ ಸಾವಿರಕ್ಕೆ 120 ವ್ಯತ್ಯಾಸ. ಎರಡು ಕವಲೂ ಒಂದೇ ಪೂರ್ವಜನಿಂದ ಹೊರಟಿದ್ದರೆ ಒಂದೊಂದರ ಪಾಲಿಗೆ 60. ವರ್ಷಕ್ಕೆ ಒಂದರಿಂದ ಮೂರರಂತೆ, 20ರಿಂದ 60 ವರ್ಷ. 1960ರಿಂದ ಹಿಂದಕ್ಕೆ ಹೋದರೆ 1900 ಮತ್ತು 1940ರ ನಡುವೆ ಎಲ್ಲೋ ಬಂದು ನಿಲ್ಲುತ್ತೇವೆ. ಒಂದೇ ಅಕ್ಷರ ಎರಡೆರಡು ಸಲ ಬದಲಾಗಿದ್ದರೆ ನಮಗೆ ಕಾಣುವುದು ಒಂದೇ ಬದಲಾವಣೆ. ಅದಕ್ಕೇ ನಿಜವಾದ ಕಾಲ ಸ್ವಲ್ಪ ಹಿಂದಕ್ಕೇ ಸರಿಯುತ್ತೆ. ಸಂಶೋಧಕರು ಇದನ್ನೇ ಬಹಳ ಎಚ್ಚರದಿಂದ, ನೂರಾರು ವೈರಸ್‌ಗಳನ್ನು ಇಟ್ಟುಕೊಂಡು, ತಪ್ಪಿನ ಅಂಚೂ ಸೇರಿಸಿ ಮಾಡುತ್ತಾರೆ.

ಇದನ್ನು ಮೊದಲು ದೊಡ್ಡ ಮಟ್ಟದಲ್ಲಿ ಮಾಡಿದವರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನ ಬೆಟ್ ಕಾರ್ಬರ್ ಮತ್ತವರ ತಂಡ ಸೇರುತ್ತೆ, 2000ರಲ್ಲಿ. ಅವರಿಗೆ ಬಂದ ಉತ್ತರ 1931ರ ಆಸುಪಾಸು. ಆ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಒಂದು ಭಾಗ ಇದೆ. ತಪ್ಪುಗಳನ್ನು ಎಣಿಸಿ ಕಾಲ ಹೇಳುವ ಈ ಗಡಿಯಾರ ಸರಿ ಓಡುತ್ತಿದೆಯಾ ಅಂತ ನೋಡಲು, ಅವರು 1959ರ ಆ ಮಾದರಿಯ ವಯಸ್ಸನ್ನು ಗೊತ್ತಿಲ್ಲ ಅಂದುಕೊಂಡು ಲೆಕ್ಕ ಹಾಕಿದರು. ಉತ್ತರ ನಿಜವಾದ ವರ್ಷಕ್ಕೆ ತುಂಬಾ ಹತ್ತಿರ ಬಂತು. ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳಿ ಪರೀಕ್ಷೆ ಮಾಡಿದ ಮೇಲೇ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಹೋಗಬೇಕು. ಕಾಲೇಜಿನ ಹುಡುಗರು, ಹುಡುಗಿಯರು ಇದನ್ನು ಗಮನಿಸಬೇಕು.

ಇನ್ನು ಕಾಲದಿಂದ ಜಾಗಕ್ಕೆ ಬರೋಣ. ಆಫ್ರಿಕಾ ಅಷ್ಟು ದೊಡ್ಡ ಖಂಡ. ಕಿನ್ಶಾಸಾನೇ ಅಂತ ಹೇಗೆ ಗೊತ್ತು? ಹಳೆಯ ಮಾದರಿಗಳು ಅಲ್ಲಿ ಸಿಕ್ಕವು ಅನ್ನುವುದು ಸಾಕಾಗುವ ಕಾರಣ ಅಲ್ಲ. ಬೇರೆ ಕಡೆ ಮಾದರಿಗಳನ್ನು ಯಾರೂ ಇಡದೆ ಹೋಗಿರಬಹುದಲ್ವಾ?

ನಿಜವಾದ ಸುಳಿವು ವೈವಿಧ್ಯದಲ್ಲಿದೆ. ಜಗತ್ತಿನಲ್ಲಿ ಹರಡಿರುವ ಎಚ್‌ಐವಿಯ ದೊಡ್ಡ ಬಳಗವನ್ನು ಎಂ ಗುಂಪು ಅನ್ನುತ್ತಾರೆ. ಅದರೊಳಗೆ ಎ, ಬಿ, ಸಿ, ಡಿ ಹೀಗೆ ತಳಿಗಳಿವೆ. ಯುರೋಪ್, ಅಮೆರಿಕಗಳಲ್ಲಿ ಬಹಳ ಕಾಲ ಹೆಚ್ಚುಕಡಿಮೆ ಬಿ ಒಂದೇ ಇತ್ತು. ದಕ್ಷಿಣ ಆಫ್ರಿಕಾದಲ್ಲಿ, ಭಾರತದಲ್ಲಿ ಬಹುಪಾಲು ಸಿ. ಆದರೆ 1997ರಲ್ಲಿ ಕಿನ್ಶಾಸಾ, ಎಂಬುಜಿ-ಮಾಯಿ, ಬ್ವಾಮಾಂಡ ಎಂಬ ಕಾಂಗೋದ ಮೂರು ಊರುಗಳಿಂದ ತಂದ ಇನ್ನೂರಕ್ಕೂ ಜಾಸ್ತಿ ಮಾದರಿಗಳನ್ನು ಓದಿದಾಗ, ಹತ್ತಿರಹತ್ತಿರ ಎಲ್ಲ ತಳಿಗಳೂ ಅಲ್ಲೇ ಸಿಕ್ಕವು. ಯಾವ ತಳಿಗೂ ಸೇರದ ವೈರಸ್‌ಗಳೂ ಸಿಕ್ಕವು. ಒಂದೊಂದು ತಳಿಯ ಒಳಗಿನ ವ್ಯತ್ಯಾಸವೂ ಬೇರೆ ದೇಶಗಳಿಗಿಂತ ಹೆಚ್ಚಿತ್ತು. 2000ರಲ್ಲಿ ಈ ಕೆಲಸ ಪ್ರಕಟವಾಯಿತು.

ಇದರ ಅರ್ಥ ಸರಳ. ವೈರಸ್ ಒಂದು ಊರಿನಲ್ಲಿ ಬಹಳ ಕಾಲ ಇದ್ದರೆ ಅಲ್ಲಿ ಕವಲುಗಳು ಜಾಸ್ತಿ ಆಗುತ್ತವೆ. ಅಲ್ಲಿಂದ ಒಬ್ಬರೋ ಇಬ್ಬರೋ ಸೋಂಕಿತರು ಬೇರೆ ಊರಿಗೆ ಹೋದರೆ ಅವರ ಜೊತೆ ಒಂದೋ ಎರಡೋ ಕವಲು ಮಾತ್ರ ಹೋಗುತ್ತೆ. ಹೊಸ ಊರಿನ ವೈರಸ್‌ಗಳೆಲ್ಲ ಆ ಒಂದು ಕವಲಿನ ಮಕ್ಕಳು. ಆದ್ದರಿಂದ ಮರ ಬರೆದಾಗ ಹೊಸ ಊರಿನವರೆಲ್ಲ ಒಂದು ಗೊಂಚಲಾಗಿ ಕೂರುತ್ತಾರೆ. ಹಳೆಯ ಊರಿನವರು ಮಾತ್ರ ಬುಡದಿಂದ ತುದಿವರೆಗೆ ಎಲ್ಲ ಕೊಂಬೆಗಳಲ್ಲೂ ಕಾಣುತ್ತಾರೆ. ದೊಡ್ಡ ಸಂಖ್ಯೆ ಇರುವ ಕಡೆ ಹುಟ್ಟೂರು ಅಂತಲ್ಲ, ದೊಡ್ಡ ವೈವಿಧ್ಯ ಇರುವ ಕಡೆ ಹುಟ್ಟೂರು. ದಕ್ಷಿಣ ಆಫ್ರಿಕಾದಲ್ಲಿ ಸೋಂಕಿತರು ಕಾಂಗೋಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ವೈವಿಧ್ಯ ಕಡಿಮೆ.

ಇಲ್ಲೊಂದು ಎಚ್ಚರ ಬೇಕು. ಒಂದು ಊರಿನಿಂದ ಸಾವಿರ ಮಾದರಿ, ಇನ್ನೊಂದರಿಂದ ಹತ್ತು ತಂದರೆ, ಸುಮ್ನೆ ಹೆಚ್ಚು ನೋಡಿದ ಕಾರಣಕ್ಕೇ ಮೊದಲನೆಯದರಲ್ಲಿ ವೈವಿಧ್ಯ ಜಾಸ್ತಿ ಕಾಣಬಹುದು. ಅದಕ್ಕೇ ಒಳ್ಳೆಯ ಅಧ್ಯಯನಗಳಲ್ಲಿ ಮಾದರಿಗಳ ಸಂಖ್ಯೆಯನ್ನು ಸಮ ಮಾಡಿ, ಮತ್ತೆ ಮತ್ತೆ ಲೆಕ್ಕ ಹಾಕಿ, ಉತ್ತರ ಅಲ್ಲಾಡುತ್ತದಾ ಅಂತ ನೋಡುತ್ತಾರೆ. ಕೊರೋನಾ ಕಾಲದಲ್ಲಿ ನಾವು ಕಂಡ ಅನೇಕ ಆತುರದ ನಕ್ಷೆಗಳಿಗೆ ಈ ತಾಳ್ಮೆ ಇರಲಿಲ್ಲ. ಹೆಚ್ಚು ಸೀಕ್ವೆನ್ಸ್ ಮಾಡಿದ ದೇಶವೇ ವೈರಸ್ ಹಂಚಿದ ದೇಶ ಅನ್ನುವ ಹಾಗೆ ಕಾಣುತ್ತಿತ್ತು. ಕಿನ್ಶಾಸಾ ವಿಷಯದಲ್ಲಿ ಆ ಪರೀಕ್ಷೆಗಳನ್ನೆಲ್ಲ ಮಾಡಿದ ಮೇಲೂ ಉತ್ತರ ಅಲ್ಲಾಡಲಿಲ್ಲ.

1960ರ ಆ ಗ್ರಂಥಿಯ ಚೂರಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ವಿಜ್ಞಾನದ ಸುದ್ದಿಯಲ್ಲಿ ಕಂಪ್ಯೂಟರ್ ಬರುತ್ತೆ, ಇಂಥದ್ದು ಬರುವುದಿಲ್ಲ. ಬಯಾಪ್ಸಿ ಮಾಡಿದಾಗ ಏನಾಗುತ್ತೆ? ಚೂರನ್ನು ಮೊದಲು ರಾಸಾಯನಿಕದಲ್ಲಿ ನೆನೆಸುತ್ತಾರೆ. ಆಮೇಲೆ ಅದರ ನೀರನ್ನೆಲ್ಲ ತೆಗೆದು, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಮುಳುಗಿಸಿ, ಗಟ್ಟಿಯಾಗಲು ಬಿಡುತ್ತಾರೆ. ಬೆರಳ ತುದಿಯಷ್ಟು ಮೇಣದ ತುಂಡು, ಅದರೊಳಗೆ ಮನುಷ್ಯನ ದೇಹದ ಚೂರು. ಪೆಥಾಲಜಿಯವರು ಅದನ್ನು ಬ್ಲಾಕ್ ಅನ್ನುತ್ತಾರೆ. ಅದರಿಂದ ತೆಳ್ಳನೆಯ ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಲಾಕನ್ನು ಪೆಟ್ಟಿಗೆಯಲ್ಲಿ ಇಡುತ್ತಾರೆ. ಕಿನ್ಶಾಸಾದ ವಿಶ್ವವಿದ್ಯಾಲಯದಲ್ಲಿ ಹೀಗೆ ಇಟ್ಟ ಬ್ಲಾಕುಗಳು ಸ್ವಾತಂತ್ರ್ಯ, ದಂಗೆ, ಸರ್ವಾಧಿಕಾರ, ಯುದ್ಧ ಎಲ್ಲವನ್ನೂ ದಾಟಿ ಉಳಿದಿದ್ದವು.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮೈಕೆಲ್ ವರೋಬಿ ಮತ್ತವರ ತಂಡ 1958ರಿಂದ 1960ರವರೆಗಿನ 27 ಬ್ಲಾಕುಗಳನ್ನು ನೋಡಿತು. ಒಂದರಲ್ಲಿ ಮಾತ್ರ ವೈರಸ್ ಸಿಕ್ಕಿತು. ಅದೂ ಚೂರುಚೂರಾಗಿ. ಆ ಕಾಲದಲ್ಲಿ ಬಳಸುತ್ತಿದ್ದ ರಾಸಾಯನಿಕ ವೈರಸ್‌ನ ಜೀನುಗಳಿರುವ ಆರ್‌ಎನ್‌ಎಯನ್ನು ಪುಡಿ ಮಾಡಿಬಿಡುತ್ತೆ. ಸಣ್ಣ ಸಣ್ಣ ತುಣುಕುಗಳನ್ನು ಒಂದೊಂದಾಗಿ ಹೆಚ್ಚಿಸಿ, ಓದಿ, ಜೋಡಿಸಬೇಕಾಯಿತು. ಇಂಥ ಕೆಲಸದಲ್ಲಿ ದೊಡ್ಡ ಭಯ ಅಂದರೆ ಲ್ಯಾಬಿನಲ್ಲೇ ಇರುವ ಈಗಿನ ವೈರಸ್ ಎಲ್ಲಿ ಬೆರೆತುಬಿಡುತ್ತೋ ಅಂತ. ಅದಕ್ಕೆ ಅದೇ ಬ್ಲಾಕನ್ನು ಬೇರೆ ವಿಶ್ವವಿದ್ಯಾಲಯದ ಇನ್ನೊಂದು ಲ್ಯಾಬಿನಲ್ಲಿ, ಬೇರೆ ಜನ, ಸ್ವತಂತ್ರವಾಗಿ ಓದಿದರು. ಎರಡೂ ಕಡೆ ಅದೇ ವೈರಸ್. ಆ ಲೇಖನದ ಲೇಖಕರಲ್ಲಿ ಕಾಂಗೋದ ಝಾನ್-ಝಾಕ್ ಮುಯೆಂಬೆ ಅವರೂ ಇದ್ದಾರೆ. 1976ರಲ್ಲಿ ಎಬೋಲಾ ಮೊದಲ ಸಲ ಕಂಡಾಗ ಯಾಂಬುಕುವಿಗೆ ಹೋಗಿ ರೋಗಿಗಳಿಂದ ರಕ್ತ ತೆಗೆದವರು ಅವರೇ. ಆಮೇಲೆ ಇನ್ನೊಂದು ತಂಡ 1958ರಿಂದ 1966ರವರೆಗಿನ ಸಾವಿರದ ಆರುನೂರಕ್ಕೂ ಹೆಚ್ಚು ಹಳೆಯ ಮಾದರಿಗಳನ್ನು ಹುಡುಕಿ, 1966ರ ಒಂದು ಮಾದರಿಯಿಂದ ಹತ್ತಿರಹತ್ತಿರ ಇಡೀ ಜೀನೋಮನ್ನೇ ಓದಿತು. ಅದು ಕೊಟ್ಟ ಕಾಲವೂ ಹಿಂದಿನ ಲೆಕ್ಕಗಳ ಜೊತೆ ಕೂಡಿಬಂತು.

ಇಲ್ಲಿ ಪೆಥಾಲಜಿ ಓದುವವರು ಇದ್ದರೆ ಅವರಲ್ಲಿ ಒಂದು ಕೇಳಿಕೆ. ಜಾಗ ಇಲ್ಲ ಅಂತ ಹಳೆಯ ಬ್ಲಾಕುಗಳನ್ನು ಎಸೆಯುವ ಮಾತು ಬಂದಾಗ ದಯವಿಟ್ಟು ತಡೆಯಿರಿ. ಅದರ ಮೇಲೆ ವರ್ಷ ಮತ್ತು ಊರು ಬರೆದಿದೆಯಾ ನೋಡಿ. ಅವೆರಡು ಇದ್ದರೆ ಅದಕ್ಕೆ ಬೆಲೆ ಕಟ್ಟಲಾಗದು.

ವೈರಸ್ ಕಿನ್ಶಾಸಾಗೆ ಬಂದಿದ್ದು ಎಲ್ಲಿಂದ? ಚಿಂಪಾಂಜಿಗಳಿಂದ ಅನ್ನುವುದು ತೊಂಬತ್ತರ ದಶಕದ ಕೊನೆಗೆ ಸ್ಪಷ್ಟವಾಗಿತ್ತು. ಯಾವ ಕಾಡಿನ ಚಿಂಪಾಂಜಿ ಅನ್ನುವುದು ಗೊತ್ತಿರಲಿಲ್ಲ. ಬಿಯಾಟ್ರಿಸ್ ಹಾನ್ ಅವರ ತಂಡ ಕ್ಯಾಮರೂನ್ ದೇಶದ ಕಾಡುಗಳಿಂದ ನೂರಾರು ಲದ್ದಿ ಮಾದರಿಗಳನ್ನು ತರಿಸಿತು. ಕಾಡು ಬಲ್ಲ ಸ್ಥಳೀಯರು ಜಾಡು ಹಿಡಿದು ಆರಿಸಿ ತಂದಿದ್ದು ಅವು. ಒಂದು ಪ್ರಾಣಿಯನ್ನೂ ಮುಟ್ಟದೆ, ಲದ್ದಿಯಲ್ಲೇ ವೈರಸ್ ಓದಿದರು. ಒಂದೊಂದು ಕಾಡಿನ ಚಿಂಪಾಂಜಿಗಳಲ್ಲಿ ಒಂದೊಂದು ಬಗೆ. ಎಂ ಗುಂಪಿಗೆ ತೀರಾ ಹತ್ತಿರದ ಬಂಧುಗಳು ಕಂಡಿದ್ದು ಕ್ಯಾಮರೂನ್‌ನ ಆಗ್ನೇಯ ಮೂಲೆಯಲ್ಲಿ. 2006ರಲ್ಲಿ ಈ ಫಲಿತಾಂಶ ಬಂತು. ಬೇಟೆಯಾಡಿ ಮಾಂಸ ಕೊಯ್ಯುವಾಗ ರಕ್ತ ತಗುಲಿ ವೈರಸ್ ದಾಟಿರಬೇಕು ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

ಆ ಮೂಲೆಯಿಂದ ಕಿನ್ಶಾಸಾ ನೂರಾರು ಕಿಲೋಮೀಟರ್ ದೂರ. ನಡುವೆ ದಟ್ಟ ಕಾಡು. ಆದರೆ ನಕ್ಷೆ ತೆಗೆದು ನದಿಗಳನ್ನು ನೋಡಿ. ಆ ಕಾಡಿನ ನೀರು ಸಾಂಘಾ ನದಿಗೆ ಸೇರುತ್ತೆ, ಸಾಂಘಾ ಕಾಂಗೋ ನದಿಗೆ. ದಂತ, ರಬ್ಬರ್ ಎಲ್ಲ ಆ ದಾರಿಯಲ್ಲೇ ದೋಣಿ, ಸ್ಟೀಮರುಗಳಲ್ಲಿ ಇಳಿದು ಬರುತ್ತಿತ್ತು. ಬಂದು ಸೇರುತ್ತಿದ್ದುದು ಲಿಯೋಪೋಲ್ಡ್‌ವಿಲ್ ಮತ್ತು ಎದುರು ದಡದ ಬ್ರಾಜಾವಿಲ್‌ಗೆ. ಯಾರ ಮೈಯಲ್ಲಿ ಅದು ಇಳಿದು ಬಂತು ಅನ್ನುವುದು ಯಾವ ಜೀನೂ ಹೇಳುವುದಿಲ್ಲ. ದಾರಿ ಮಾತ್ರ ಇದೇ ಇರಬೇಕು.

ಮಧ್ಯದಲ್ಲಿ ಒಂದು ಬೇರೆ ಕಥೆ ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ, 1950ರ ದಶಕದ ಕೊನೆಯಲ್ಲಿ ಕಾಂಗೋದಲ್ಲಿ ಹಾಕಿದ ಒಂದು ಪೋಲಿಯೋ ಲಸಿಕೆಯಿಂದಲೇ ಏಡ್ಸ್ ಬಂತು ಅನ್ನುವ ವಾದ ಬಹಳ ಜೋರಾಗಿತ್ತು. ಸ್ಟಾನ್ಲಿವಿಲ್, ಅಂದರೆ ಈಗಿನ ಕಿಸಂಗಾನಿ ಹತ್ತಿರದ ಚಿಂಪಾಂಜಿಗಳ ಅಂಗಾಂಶ ಬಳಸಿ ಲಸಿಕೆ ಮಾಡಿದ್ದರು ಅಂತ ಆರೋಪ. ಇದನ್ನು ಪರೀಕ್ಷೆ ಮಾಡಲೇಬೇಕು ಅಂತ ಹೊರಟವರು ಬ್ರಿಟನ್ನಿನ ದೊಡ್ಡ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್. 2000ದ ಜನವರಿಯಲ್ಲಿ, ಕಾಂಗೋದಲ್ಲಿ ಯುದ್ಧ ನಡೆಯುತ್ತಿದ್ದಾಗಲೇ, ಕಿಸಂಗಾನಿ ಸುತ್ತಲ ಕಾಡಿಗೆ ಹೋದರು. ಜೊತೆಯಲ್ಲಿ ಆಗಿನ್ನೂ ಯುವಕ ವರೋಬಿ. ಹ್ಯಾಮಿಲ್ಟನ್ ಅಲ್ಲಿ ಮಲೇರಿಯಾ ಹಿಡಿದು, ಲಂಡನ್ನಿಗೆ ಮರಳಿ, ಮಾರ್ಚ್‌ನಲ್ಲಿ ತೀರಿಕೊಂಡರು. ಕಿಸಂಗಾನಿ ಕಡೆಯ ಚಿಂಪಾಂಜಿಗಳಲ್ಲಿ ಇಂಥ ವೈರಸ್ ಇರುವುದು ಆಮೇಲಿನ ಕೆಲಸದಲ್ಲಿ ಗೊತ್ತಾಯಿತು. ಆದರೆ ಅದು ಬೇರೆಯೇ ಕೊಂಬೆ, ಮನುಷ್ಯರ ಎಂ ಗುಂಪಿನ ಪೂರ್ವಜ ಅಲ್ಲ. 2004ರಲ್ಲಿ ಇದು ಪ್ರಕಟವಾಯಿತು. ಲಸಿಕೆ ಬರುವುದಕ್ಕೆ ದಶಕಗಳ ಮುಂಚೆಯೇ ವೈರಸ್ ಮನುಷ್ಯರಲ್ಲಿತ್ತು ಅನ್ನುವುದನ್ನು ಗಡಿಯಾರವೂ ಹೇಳುತ್ತಿತ್ತು. ಒಂದು ಅನುಮಾನವನ್ನು ಬೈದು ಓಡಿಸದೆ, ಕಾಡಿಗೆ ಹೋಗಿ ಪರೀಕ್ಷೆ ಮಾಡಿದ ಈ ರೀತಿ ನನಗೆ ತುಂಬಾ ದೊಡ್ಡದಾಗಿ ಕಾಣುತ್ತೆ.

ಈಗ ಮುಖ್ಯ ಭಾಗ. 2014ರಲ್ಲಿ ನೂನೋ ಫರಿಯಾ, ಆಲಿವರ್ ಪೈಬಸ್, ಫಿಲಿಪ್ ಲೆಮೆ ಮತ್ತು ಜೊತೆಗಾರರು ಮಧ್ಯ ಆಫ್ರಿಕಾದ ವೈರಸ್‌ಗಳ ಮರವನ್ನು ಊರುಗಳ ಜೊತೆ ಸೇರಿಸಿ ಓದಿದರು. ಮರದ ತುದಿಯ ಎಲೆಗಳ ಊರು ನಮಗೆ ಗೊತ್ತು, ಯಾಕೆಂದರೆ ಮಾದರಿ ತಂದ ಊರು ಅದು. ಒಳಗಿನ ಕವಲುಗಳ ಊರು ಗೊತ್ತಿಲ್ಲ. ಎಲೆಗಳಿಂದ ಹಿಂದಕ್ಕೆ ನಡೆಯುತ್ತಾ, ಒಂದೊಂದು ಕವಲು ಯಾವ ಊರಿನಲ್ಲಿ ಒಡೆದಿರುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಬುಡಕ್ಕೆ ಬಂದಾಗ ಉತ್ತರ ಕಿನ್ಶಾಸಾ. ಕಾಲ 1920ರ ಆಸುಪಾಸು, ಆಚೀಚೆ 1909ರಿಂದ 1930.

ಅಲ್ಲಿಂದ ಎಲ್ಲಿಗೆ? ಬ್ರಾಜಾವಿಲ್ ನದಿಯ ಆಚೆ ದಡ. ಅಲ್ಲಿಗೆ ಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಇರುವುದು ಲುಬುಂಬಾಶಿ ವಿಷಯದಲ್ಲಿ. ಅದು ದೇಶದ ತೀರಾ ದಕ್ಷಿಣ ತುದಿ, ನೇರ ಗೆರೆ ಎಳೆದರೂ ಸಾವಿರದ ಐನೂರು ಕಿಲೋಮೀಟರ್. ಆದರೂ 1930ರ ದಶಕ ಮುಗಿಯುವ ಮೊದಲೇ ವೈರಸ್ ಅಲ್ಲಿಗೂ, ಎಂಬುಜಿ-ಮಾಯಿಗೂ ಮುಟ್ಟಿತ್ತು. ಉತ್ತರದ ಕಿಸಂಗಾನಿಗೆ, ಬ್ವಾಮಾಂಡಕ್ಕೆ ಹೋಗಿದ್ದು ಅದಾದ ಮೇಲೆ. ದೂರ ನೋಡಿದರೆ ಇದು ಅರ್ಥವಾಗುವುದಿಲ್ಲ. ರೈಲಿನ ನಕ್ಷೆ ನೋಡಿದರೆ ತಕ್ಷಣ ಅರ್ಥವಾಗುತ್ತೆ. ಲುಬುಂಬಾಶಿ ತಾಮ್ರದ ಗಣಿಗಳ ಊರು, ಆಗಿನ ಹೆಸರು ಎಲಿಝಬೆತ್‌ವಿಲ್. ಎಂಬುಜಿ-ಮಾಯಿ ವಜ್ರದ ಗಣಿಗಳ ಸೀಮೆ. ಕಿನ್ಶಾಸಾದಿಂದ ಸ್ಟೀಮರ್‌ನಲ್ಲಿ ನದಿ ಹಿಡಿದು ಈಗಿನ ಇಲೆಬೊವರೆಗೆ ಹೋದರೆ, ಅಲ್ಲಿಂದ 1928ರಲ್ಲಿ ಮುಗಿದ ರೈಲು ಮಾರ್ಗ ಗಣಿಗಳ ಸೀಮೆಗೆ ಒಯ್ಯುತ್ತಿತ್ತು. ತಾಮ್ರ ಹೊರಗೆ ಬರಬೇಕು, ಕೂಲಿಯವರು ಒಳಗೆ ಹೋಗಬೇಕು. 1940ರ ದಶಕದ ಕೊನೆಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಕಿನ್ಶಾಸಾ ಮೂಲಕ ರೈಲಿನಲ್ಲಿ ಓಡಾಡುತ್ತಿದ್ದರು ಅಂತ ವಸಾಹತು ಸರ್ಕಾರದ ದಾಖಲೆಗಳೇ ಹೇಳುತ್ತವೆ.

ಜೀನುಗಳು ದಾರಿ ತೋರಿಸಿದವು. ಆ ದಾರಿ ಯಾಕೆ ಅನ್ನುವುದನ್ನು ಹೇಳಿದ್ದು ಬೆಲ್ಜಿಯನ್ನರ ರೈಲ್ವೆ ಲೆಕ್ಕದ ಪುಸ್ತಕ. ಇವೆರಡನ್ನೂ ಒಂದೇ ಮೇಜಿನ ಮೇಲೆ ಇಡದಿದ್ದರೆ ಕಥೆ ಅರ್ಧ ಮಾತ್ರ ತಿಳಿಯುತ್ತಿತ್ತು. ನಮ್ಮ ಕಾಲೇಜುಗಳಲ್ಲಿ ಇತಿಹಾಸದವರೂ ಜೀವವಿಜ್ಞಾನದವರೂ ಒಬ್ಬರ ಕ್ಲಾಸಿಗೆ ಒಬ್ಬರು ಹೋಗುವುದೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಇನ್ನೊಂದು ಪ್ರಶ್ನೆ ಇದೆ. ಚಿಂಪಾಂಜಿ, ಗೊರಿಲ್ಲಾಗಳಿಂದ ಎಚ್‌ಐವಿ-1, ಅಂದರೆ ನಾವು ಇಲ್ಲಿಯವರೆಗೆ ಎಚ್‌ಐವಿ ಅಂತ ಕರೆದ ಬಗೆ, ಮನುಷ್ಯರಿಗೆ ದಾಟಿದ್ದು ಒಂದು ಸಲ ಅಲ್ಲ, ಕನಿಷ್ಠ ನಾಲ್ಕು ಸಲ. ಎಂ, ಎನ್, ಓ, ಪಿ ಅಂತ ನಾಲ್ಕು ಗುಂಪುಗಳಿವೆ. ಎನ್ ಮತ್ತು ಪಿ ಬೆರಳೆಣಿಕೆಯಷ್ಟು ಜನರಲ್ಲಿ ಮಾತ್ರ ಕಂಡಿವೆ. ಓ ಗುಂಪು ಬಹುಪಾಲು ಕ್ಯಾಮರೂನ್ ಸುತ್ತಮುತ್ತಲೇ ಉಳಿಯಿತು. ಎಂ ಒಂದೇ ಜಗತ್ತನ್ನು ಸುತ್ತಿದ್ದು ಯಾಕೆ? ಎಂ ಮತ್ತು ಓ ಗುಂಪುಗಳ ಬೆಳವಣಿಗೆಯ ವೇಗ 1960ರವರೆಗೆ ಹೆಚ್ಚುಕಡಿಮೆ ಒಂದೇ ಇತ್ತು ಅಂತ ಅದೇ 2014ರ ಅಧ್ಯಯನ ತೋರಿಸಿತು. ಆಮೇಲೆ ಎಂ ಏಕಾಏಕಿ ವೇಗ ಪಡೆಯಿತು. ಆದ್ದರಿಂದ ಎಂ ಹುಟ್ಟಿನಿಂದಲೇ ಜೋರಿನ ವೈರಸ್ ಆಗಿತ್ತು ಅಂತ ಹೇಳಲು ಆಧಾರ ಸಾಲದು. ಅದು ಬಂದು ಬಿದ್ದ ಊರು ಹಾಗಿತ್ತು.

ಆ ಊರು ಹೇಗಿತ್ತು? ಬೆಲ್ಜಿಯನ್ ಆಡಳಿತ ದುಡಿಯಲು ಗಂಡಸರನ್ನು ಊರಿಗೆ ತಂದಿತು, ಹೆಂಡತಿ ಮಕ್ಕಳು ಬರುವುದನ್ನು ಬಹಳ ಕಾಲ ಬಿಗಿ ಹಿಡಿದಿತ್ತು. ಗಂಡಸರ ಸಂಖ್ಯೆ ಹೆಂಗಸರಿಗಿಂತ ಎಷ್ಟೋ ಜಾಸ್ತಿ ಇತ್ತು. ಲೈಂಗಿಕ ವೃತ್ತಿ ಬೆಳೆಯಿತು. ಅದರ ಜೊತೆಗೆ ಇಂಜೆಕ್ಷನ್ನು. ನಿದ್ರಾರೋಗ, ಸಿಫಿಲಿಸ್ ಇವುಗಳ ವಿರುದ್ಧ ದೊಡ್ಡ ಪ್ರಚಾರ ನಡೆಯುತ್ತಿತ್ತು. ಆಗ ಇದ್ದಿದ್ದು ಗಾಜಿನ ಸಿರಿಂಜು. ಸರದಿಯಲ್ಲಿ ನಿಂತ ಜನರಿಗೆ ಸರಿಯಾಗಿ ಕುದಿಸದೆ ಅದೇ ಸೂಜಿ ಬಳಸಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕೆನಡಾದ ವೈದ್ಯ ಜಾಕ್ ಪೆಪ್ಯಾಂ ಈ ಇಂಜೆಕ್ಷನ್ನುಗಳ ಪಾತ್ರದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಎಚ್‌ಐವಿಯಲ್ಲಿ ಅದರ ಪಾಲು ಎಷ್ಟು ಅನ್ನುವುದರ ಬಗ್ಗೆ ವಾದ ಇದೆ. ಆದರೆ ಇಂಥದ್ದು ಆಗಬಲ್ಲದು ಅನ್ನುವುದಕ್ಕೆ ಈಜಿಪ್ಟ್ ಸಾಕ್ಷಿ. ಅಲ್ಲಿ ನೈಲ್ ನದಿ ನೀರಿನ ಹುಳುಗಳಿಂದ ಬರುವ ಶಿಸ್ಟೊಸೋಮಿಯಾಸಿಸ್ ಕಾಯಿಲೆಗೆ ಎಂಬತ್ತರ ದಶಕದ ಆರಂಭದವರೆಗೂ ಇಂಜೆಕ್ಷನ್ ಕೊಟ್ಟರು. ಒಳ್ಳೆಯ ಉದ್ದೇಶದ ಕೆಲಸವೇ. ಅದೇ ಸೂಜಿಗಳಲ್ಲಿ ಹೆಪಟೈಟಿಸ್ ಸಿ ಊರೂರಿಗೆ ಹರಡಿತು. ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇದ್ದ ದೇಶಗಳಲ್ಲಿ ಈಜಿಪ್ಟ್ ಒಂದಾಯಿತು.

1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಯಿತು. ಬೆಲ್ಜಿಯನ್ನರು ಹೊರಟುಹೋದರು. ಓದಿದ ಕಾಂಗೋದವರನ್ನು ತಯಾರು ಮಾಡುವ ಗೋಜಿಗೇ ಅವರು ಹೋಗಿರಲಿಲ್ಲ. ಶಿಕ್ಷಕರು, ವೈದ್ಯರು, ಎಂಜಿನಿಯರುಗಳು ಬೇಕಾಯಿತು. ಫ್ರೆಂಚ್ ಬಲ್ಲ ಹೈಟಿ ದೇಶದ ಸಾವಿರಾರು ಜನ ಆಗ ಕಾಂಗೋಗೆ ಹೋಗಿ ಕೆಲಸ ಮಾಡಿದರು. ಅವರಲ್ಲಿ ಯಾರೋ ಒಬ್ಬರ ಜೊತೆ, 1966ರ ಆಸುಪಾಸಿನಲ್ಲಿ, ಬಿ ತಳಿಯ ಒಂದು ಕವಲು ಅಟ್ಲಾಂಟಿಕ್ ದಾಟಿತು ಅನ್ನುವುದು 2007ರ ಒಂದು ಅಧ್ಯಯನದ ಫಲಿತಾಂಶ. ಇಲ್ಲೂ ಆಧಾರ ವೈವಿಧ್ಯವೇ. ಹೈಟಿಯವರ ವೈರಸ್‌ಗಳು ಬಿ ಮರದ ಬುಡದಲ್ಲಿ ಹರಡಿಕೊಂಡಿವೆ. ಅಮೆರಿಕ, ಯುರೋಪಿನ ಬಹುತೇಕ ಬಿ ವೈರಸ್‌ಗಳು ಅವುಗಳೊಳಗಿನ ಒಂದೇ ಕೊಂಬೆಯಲ್ಲಿ ಕೂರುತ್ತವೆ.

ಈ ಜಾಗದಲ್ಲಿ ನಾನು ಸ್ವಲ್ಪ ಖಾರವಾಗಿ ಮಾತಾಡಬೇಕು. ಹೈಟಿಯವರನ್ನು ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ರೋಗದ ಗುಂಪು ಅಂತ ಪಟ್ಟಿ ಮಾಡಿದ್ದರು. ಕೆಲಸ ಹೋಯಿತು, ಮನೆ ಹೋಯಿತು. 1990ರಲ್ಲಿ ಅವರು ರಕ್ತದಾನ ಮಾಡಬಾರದು ಅಂತ ನಿಯಮ ಬಂದಾಗ ಸಾವಿರಾರು ಜನ ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆ ಮೇಲೆ ನಡೆದು ಪ್ರತಿಭಟಿಸಿದರು. ನಿಯಮ ವಾಪಸಾಯಿತು. ಹಾಗೇ ಕೆನಡಾದ ಒಬ್ಬ ವಿಮಾನ ಸಿಬ್ಬಂದಿಯನ್ನು ಅಮೆರಿಕಕ್ಕೆ ಏಡ್ಸ್ ತಂದವನು ಅಂತ ಪತ್ರಿಕೆಗಳು ಬರೆದವು. ಆತ ಆಗಲೇ ತೀರಿಕೊಂಡಿದ್ದ. 2016ರಲ್ಲಿ 1978-79ರ ಹಳೆಯ ರಕ್ತದ ಮಾದರಿಗಳಿಂದ ಎಂಟು ಜೀನೋಮ್‌ಗಳನ್ನು ಓದಿ ನೋಡಿದರೆ, ನ್ಯೂಯಾರ್ಕ್‌ನಲ್ಲಿ ಆಗಲೇ ಸಾಕಷ್ಟು ವೈವಿಧ್ಯ ಇತ್ತು. ವೈರಸ್ ಅಲ್ಲಿಗೆ ಬಂದಿದ್ದು 1970ರ ಸುಮಾರಿಗೆ. ಆ ಮನುಷ್ಯನ ವೈರಸ್ ಮರದ ನಡುವೆ ಎಲ್ಲೋ ಇತ್ತು, ಬುಡದಲ್ಲಿ ಅಲ್ಲ. ಮರ ಊರುಗಳನ್ನು ತೋರಿಸುತ್ತೆ. ಅದನ್ನು ಹಿಡಿದುಕೊಂಡು ಒಂದು ಜನಾಂಗದ ಕಡೆಗೋ ಒಬ್ಬ ಮನುಷ್ಯನ ಕಡೆಗೋ ಬೆರಳು ತೋರಿಸುವುದು ಅನ್ಯಾಯ, ವಿಜ್ಞಾನದ ದೃಷ್ಟಿಯಿಂದಲೂ ತಪ್ಪು.

ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ, ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ, ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳಿಂದ ರಕ್ತ ಸಂಗ್ರಹಿಸಿದರು. ಪರೀಕ್ಷೆ ವೆಲ್ಲೂರಿನಲ್ಲಿ ಆಯಿತು. ಆಮೇಲೆ ನಮ್ಮ ದೇಶದ ವೈರಸ್‌ಗಳ ಮರ ಬರೆದಾಗ ಬಹುಪಾಲು ಸಿ ತಳಿಯವು ಅಂತ ಗೊತ್ತಾಯಿತು. ಅವುಗಳಲ್ಲಿ ಹೆಚ್ಚಿನವು ಒಂದೇ ಗೊಂಚಲು. ಹತ್ತಿರದ ಬಂಧುಗಳು ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿವೆ. ಅಂದರೆ ಒಂದು ಕವಲು ಬಂದು ಇಲ್ಲಿ ಬೇರು ಬಿಟ್ಟಿದೆ, 1986ಕ್ಕಿಂತ ಸಾಕಷ್ಟು ಮೊದಲೇ. ಮಣಿಪುರದ ಕಥೆ ಬೇರೆ. ಅಲ್ಲಿ ಸೂಜಿಯಲ್ಲಿ ಮಾದಕ ವಸ್ತು ತೆಗೆದುಕೊಳ್ಳುವವರಲ್ಲಿ ಥಾಯ್ಲೆಂಡ್, ಮ್ಯಾನ್ಮಾರ್ ಕಡೆಯ ಬಿ ತಳಿಯೂ, ಬಿ ಮತ್ತು ಸಿ ಬೆರೆತವೂ ಕಂಡವು. ನಮ್ಮ ದೇಶಕ್ಕೆ ಇದು ಎರಡು ದಿಕ್ಕಿನಿಂದ ಬಂದಿದೆ. ಆಂಧ್ರ, ಮಹಾರಾಷ್ಟ್ರ, ತಮಿಳುನಾಡುಗಳ ಜೊತೆ ನಮ್ಮ ಕರ್ನಾಟಕವೂ ಹೆಚ್ಚು ಸೋಂಕಿದ್ದ ರಾಜ್ಯಗಳ ಸಾಲಿನಲ್ಲಿತ್ತು.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ಲ್ಯಾಬು ಈ ಸಿ ತಳಿಯ ಮೇಲೇ ಬಹಳ ವರ್ಷದಿಂದ ಕೆಲಸ ಮಾಡುತ್ತಿದೆ. ವೈರಸ್ ತನ್ನ ಜೀನುಗಳನ್ನು ಚಾಲೂ ಮಾಡಲು ಬಳಸುವ ಒಂದು ಸಣ್ಣ ತುಣುಕಿದೆ. ಬೇರೆ ಬಹುತೇಕ ತಳಿಗಳಲ್ಲಿ ಅದು ಎರಡು ಸಲ ಬರುತ್ತೆ, ಸಿಯಲ್ಲಿ ಸಾಮಾನ್ಯವಾಗಿ ಮೂರು ಸಲ. ಭಾರತದಲ್ಲಿ ನಾಲ್ಕು ಸಲ ಇರುವ ವೈರಸ್‌ಗಳನ್ನೂ ಈ ಲ್ಯಾಬಿನವರು ವರದಿ ಮಾಡಿದ್ದಾರೆ. ಅಂದರೆ ಇಲ್ಲಿಗೆ ಬಂದ ಕವಲು ಬಂದ ಹಾಗೇ ಕೂತಿಲ್ಲ, ಇಲ್ಲಿ ತನ್ನದೇ ಹೊಸ ಕವಲುಗಳನ್ನು ಬಿಡುತ್ತಿದೆ.

ಇದೆಲ್ಲ ತಿಳಿದು ರೋಗಿಗೆ ಏನು ಲಾಭ ಅಂತ ನೀವು ಕೇಳಬಹುದು. ಈಗಿನ ಔಷಧಿಗಳು ಎಂ ಗುಂಪಿನ ಎಲ್ಲ ತಳಿಗಳ ಮೇಲೂ ಚೆನ್ನಾಗಿ ಕೆಲಸ ಮಾಡುತ್ತವೆ. ಅಷ್ಟರಮಟ್ಟಿಗೆ ತಳಿ ಯಾವುದು ಅನ್ನುವುದು ದೊಡ್ಡ ವಿಷಯ ಅಲ್ಲ. ಲಸಿಕೆಯ ವಿಷಯ ಹಾಗಲ್ಲ. ಥಾಯ್ಲೆಂಡ್‌ನಲ್ಲಿ ನಡೆದು 2009ರಲ್ಲಿ ಫಲಿತಾಂಶ ಬಂದ ಲಸಿಕೆ ಪ್ರಯೋಗ ಸುಮಾರು 31 ಶೇಕಡಾ ರಕ್ಷಣೆ ತೋರಿಸಿತು. ಅದೇ ದಾರಿಯ ಲಸಿಕೆಯನ್ನು ಸಿ ತಳಿಗೆ ಹೊಂದಿಸಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಪ್ರಯೋಗವನ್ನು ಫಲ ಕಾಣದೆ 2020ರಲ್ಲಿ ನಿಲ್ಲಿಸಬೇಕಾಯಿತು. ಪತ್ತೆ ಪರೀಕ್ಷೆಗೂ ವೈವಿಧ್ಯದ ಅರಿವು ಬೇಕೇ ಬೇಕು, ಯಾಕೆಂದರೆ ಗೊತ್ತಿಲ್ಲದ ಕವಲು ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದು. 2019ರಲ್ಲಿ ಎಲ್ ಅನ್ನುವ ಹೊಸ ತಳಿಗೆ ಮಾನ್ಯತೆ ಸಿಕ್ಕಿತು. ಒಂದು ತಳಿ ಅಂತ ಒಪ್ಪಲು ಸಂಬಂಧವಿಲ್ಲದ ಮೂರು ಜನರಲ್ಲಿ ಅದು ಸಿಗಬೇಕು. ಮೊದಲ ಎರಡು 1983 ಮತ್ತು 1990ರವು. ಮೂರನೆಯದು 2001ರಲ್ಲಿ ತೆಗೆದ ಮಾದರಿ, ಅದರಲ್ಲಿ ವೈರಸ್ ಎಷ್ಟು ಕಡಿಮೆ ಇತ್ತೆಂದರೆ ಆಗಿನ ತಂತ್ರಗಳಲ್ಲಿ ಪೂರ್ತಿ ಓದಲು ಆಗಲಿಲ್ಲ, ಹೊಸ ತಂತ್ರ ಬರುವವರೆಗೆ ಫ್ರೀಜರಿನಲ್ಲಿ ಕಾಯಬೇಕಾಯಿತು. ಮೂರೂ ಸಿಕ್ಕಿದ್ದು ಕಾಂಗೋದಲ್ಲೇ.